ಡಲ್ಲಾಸ್ ಹತ್ತಿರ, ಹುಬ್ಬಳ್ಳಿ ದೂರ!

(ಯುವಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ನಿಮ್ಮಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು ಎಷ್ಟು ಜನ? ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಕಡಿಮೆ. ಉಳಿದವರು ಹಾವೇರಿ, ಹಾಸನ, ಕೊಪ್ಪಳ, ಕುಂದಾಪುರದವರು. ಪಿ.ಜಿ. ಬಾಡಿಗೆ ಕಟ್ಟಿ, ರಿಂಗ್ ರೋಡಿನ ಹೊಗೆ ಕುಡಿದು, ಹಬ್ಬ ಬಂದರೆ ಬಸ್ ಸೀಟಿಗೆ ಪರದಾಡುವವರು. ‘ಕೆಲಸ ಇರೋದು ಇಲ್ಲಿ, ಏನು ಮಾಡೋಣ ಸಾರ್?’ ಅನ್ನುತ್ತೀರಿ. ಇವತ್ತು ಆ ಮಾತನ್ನೇ ಸ್ವಲ್ಪ ಕೆದಕೋಣ.

ಮನೆಯಿಂದ ಕೆಲಸ ಅನ್ನುವುದು ಕೊರೊನಾ ತಂದ ಹೊಸ ಪದ್ಧತಿ ಅಂದುಕೊಂಡಿದ್ದೀರಿ, ಅಲ್ಲವೇ? ಅಲ್ಲ. ಇವತ್ತಿನ ಬೆಂಗಳೂರು ಬೆಳೆದದ್ದೇ ದೂರದವರ ಕೆಲಸ ಮಾಡಿ. 1985ರಲ್ಲಿ ಡಲ್ಲಾಸಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂತು. ಅದರ ಸಾಮಾನು ಎತ್ತಿನ ಗಾಡಿಯ ಮೇಲೆ ಬಂದ ಕಥೆಯನ್ನು ಇವತ್ತಿಗೂ ಹೇಳುತ್ತಾರೆ. ಮಿಲ್ಲರ್ಸ್ ರಸ್ತೆಯಲ್ಲಿ ಕೂತ ಎಂಜಿನಿಯರುಗಳ ಕೆಲಸ ಉಪಗ್ರಹದ ಮೂಲಕ ಅಮೆರಿಕಕ್ಕೆ ಹೋಗತೊಡಗಿತು. ಹುಡುಗರು ಡಲ್ಲಾಸಿಗೆ ಗುಳೆ ಹೋಗಲಿಲ್ಲ, ಕೆಲಸವೇ ಅವರಿದ್ದಲ್ಲಿಗೆ ಬಂತು!

ಹಾಗೆ ಬಂದ ಕೆಲಸ ಇಲ್ಲಿಂದ ಮುಂದೆ ಹೋಯಿತೇ? ಮೈಸೂರು, ಮಂಗಳೂರಿಗೆ ಒಂದಿಷ್ಟು ಹೋಯಿತು. ಉಳಿದದ್ದೆಲ್ಲ ಇಲ್ಲೇ ಗುಡ್ಡೆ ಬಿತ್ತು. ಕಂಪನಿಗಳನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಕಾಲ್ ಸೆಂಟರಿನ ನೌಕರ ಮನೆಯಲ್ಲಿ ಕೂತು ಫೋನ್ ಎತ್ತಬೇಕಾದರೆ ಕಂಪನಿ ದೂರಸಂಪರ್ಕ ಇಲಾಖೆಗೆ ಬ್ಯಾಂಕ್ ಗ್ಯಾರಂಟಿ ಇಡಬೇಕಿತ್ತು. ಆ ನಿಯಮ ಹೋದದ್ದು 2020ರ ನವೆಂಬರಿನಲ್ಲಿ. ವಿಶೇಷ ಆರ್ಥಿಕ ವಲಯದ ಕಂಪನಿಗಳಿಗೆ ಮನೆಯಿಂದ ಕೆಲಸ ಮಾಡಿಸುವ ನಿಯಮ ಸಿಕ್ಕಿದ್ದು 2022ರ ಜುಲೈನಲ್ಲಿ, ಅದೂ ಮೊದಲು ಅರ್ಧ ನೌಕರರಿಗೆ ಮಾತ್ರ.

ನಿಯಮ ಕಾಯದೆ ಬಂದದ್ದು ಲಾಕ್‌ಡೌನ್. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತು. ಸಾಗರದ ಜಗುಲಿಯಲ್ಲಿ, ಗದಗಿನ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದವು. ಮಲೆನಾಡಿನಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿದವರೂ ಇದ್ದರು. ಆದರೂ ಕೆಲಸ ನಿಲ್ಲಲಿಲ್ಲ. ದೇಶದ ಅತಿ ದೊಡ್ಡ ಸಾಫ್ಟ್‌ವೇರ್ ಕಂಪನಿ ಟಿ.ಸಿ.ಎಸ್. ‘2025ರ ಹೊತ್ತಿಗೆ ಒಂದು ಹೊತ್ತಿನಲ್ಲಿ ಆಫೀಸಿನಲ್ಲಿ ಶೇ. 25 ಜನ ಇದ್ದರೆ ಸಾಕು’ ಎಂದು ಆಗ ಸಾರಿತ್ತು. ಅದೇ ಕಂಪನಿ 2023ರಲ್ಲಿ ವಾರಕ್ಕೆ ಐದೂ ದಿನ ಆಫೀಸಿಗೆ ಬನ್ನಿ ಅಂದಿತು.

ಹೊಸಬರು ಹಿರಿಯರ ಪಕ್ಕ ಕೂತೇ ಕೆಲಸ ಕಲಿಯಬೇಕು ಅನ್ನುತ್ತಾರೆ. ಒಪ್ಪೋಣ, ಅದರಲ್ಲಿ ಹುರುಳಿದೆ. ಆದರೆ ನಿಮ್ಮ ಮ್ಯಾನೇಜರ್ ಅಮೆರಿಕದಲ್ಲಿದ್ದರೆ ಯಾರ ಪಕ್ಕ ಕೂರುತ್ತೀರಿ? ಸಾವಿರಾರು ಮೈಲಿ ದೂರದ ಡಲ್ಲಾಸ್ ಅಡ್ಡಿಯಲ್ಲ, ನಾನೂರು ಕಿಲೋಮೀಟರಿನ ಹುಬ್ಬಳ್ಳಿ ಅಡ್ಡಿಯೇ? ಇದ್ಯಾವ ಲೆಕ್ಕ ಸ್ವಾಮಿ!

ಇನ್ನೊಂದು ಮುಖವನ್ನೂ ನೋಡಬೇಕು. ಆಫೀಸು ಖಾಲಿಯಾದಾಗ ದರ್ಶಿನಿ, ಕ್ಯಾಬ್, ಹೌಸ್‌ಕೀಪಿಂಗ್ ನಂಬಿದವರ ಹೊಟ್ಟೆಗೆ ಏಟು ಬಿತ್ತು. ಅವರಿಗೆ ಮನೆಯಿಂದ ಕೆಲಸ ಅನ್ನುವುದೇ ಇಲ್ಲ. ಹೆಣ್ಣುಮಕ್ಕಳನ್ನು ಕೇಳಿ: ಒಂದು ಕೈಯಲ್ಲಿ ಮೀಟಿಂಗ್, ಇನ್ನೊಂದು ಕೈಯಲ್ಲಿ ಕುಕ್ಕರ್.

ಇದಕ್ಕಿಂತ ದೊಡ್ಡ ತೊಡಕು ಒಂದಿದೆ. ಗದಗಿಗೆ ಹೋಗಬಲ್ಲ ಕೆಲಸ ಗುರುಗ್ರಾಮಕ್ಕೂ ಹೋಗಬಲ್ಲದು. 2024ರ ಜುಲೈನಲ್ಲಿ ರಾಜ್ಯ ಸಂಪುಟ ಸ್ಥಳೀಯರ ಉದ್ಯೋಗ ಮಸೂದೆಗೆ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಕೂಗೆಬ್ಬಿಸಿದ ಕೂಡಲೇ ತಡೆಹಿಡಿಯಿತು. ಆಡಳಿತ ಹುದ್ದೆಯಲ್ಲಿ ಶೇ. 50, ಉಳಿದದ್ದರಲ್ಲಿ ಶೇ. 70 ಎಂದು ಎಲ್ಲರೂ ವಾದಿಸಿದರು. ನಾನು ಆಗ ಕೇಳಿದ್ದು ಬೇರೆ: ಬೇರೆ ರಾಜ್ಯದ ತನ್ನ ಮನೆಯಲ್ಲೇ ಕೂತು ಬೆಂಗಳೂರಿನ ಸಂಬಳ ಎಣಿಸುವವನನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ? ನನಗೆ ಯಾರೂ ಉತ್ತರ ಕೊಡಲಿಲ್ಲ.

ಆದ್ದರಿಂದ ನಾವು ಈಗಲೇ ಬಾಯಿ ಬಿಡಬೇಕು. ರಾಜ್ಯದ ಜಮೀನು, ನೀರು, ರಿಯಾಯಿತಿ ಪಡೆದ ಕಂಪನಿ ಮನೆಯಿಂದ ಮಾಡಿಸುವ ಕೆಲಸದಲ್ಲೂ ನಮ್ಮ ಜಿಲ್ಲೆಗಳ ಹುಡುಗರಿಗೆ ಪಾಲು ಕೊಡಲಿ. ಗ್ರಾಮ ಪಂಚಾಯಿತಿಗೆ ಬಂದ ಫೈಬರ್ ಅಲ್ಲಿಂದ ಮನೆಮನೆಗೆ ಬಂದಿದೆಯೇ ಅಂತ ಊರಿಗೆ ಹೋದಾಗ ವಿಚಾರಿಸಿ. ಮುಂದಿನ ಸಂದರ್ಶನದಲ್ಲಿ ಸಂಬಳದ ಜೊತೆ ‘ವಾರದಲ್ಲಿ ಎಷ್ಟು ದಿನ ಊರಿನಿಂದ ಮಾಡಬಹುದು?’ ಅಂತಲೂ ಕೇಳಿ. ಕೊಟ್ಟ ಮಾತನ್ನು ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಿ. ಬಾಯಿಮಾತಾದರೆ ಮಾರನೇ ವರ್ಷ ಮತ್ತೆ ಅದೇ ಪಿ.ಜಿ., ಅದೇ ರಿಂಗ್ ರೋಡು.

ಚಹಾ ಬಂದಿದೆ. ಕುಡಿಯುತ್ತಾ ನಿಮ್ಮ ಪ್ರಶ್ನೆ ಕೇಳಿ.