ಮಾವಿನ ಬುಟ್ಟಿಯಲ್ಲಿ ಇಂಗಾಲದ ಕೈಗಳು



ಮಾವು ಕೊಳ್ಳುವಾಗ "ಕಾರ್ಬೈಡ್ ಹಾಕಿದ್ದಲ್ಲ ತಾನೇ?" ಎಂದು ವಿಚಾರಿಸುತ್ತೀರಲ್ಲವೇ? ಆ ಪ್ರಶ್ನೆಯ ಹಿಂದೆ ಇಂಗಾಲದ ಕಥೆಯಿದೆ.

ಇಂಗಾಲಕ್ಕೆ ನಾಲ್ಕು ಕೈಗಳು ಎಂದುಕೊಳ್ಳಿ. ಬಂಧ ಬೆಳೆಸುವಾಗ ಅದರ ಎಲೆಕ್ಟ್ರಾನುಗಳಿರುವ ಆರ್ಬಿಟಲ್‌ಗಳು ಬೆರೆತು ಹೊಸ ರೂಪ ತಾಳುತ್ತವೆ. ಇದೇ ಸಂಕರಣ. 1931ರಲ್ಲಿ ಲೈನಸ್ ಪೌಲಿಂಗ್ ಇದನ್ನು ವಿವರಿಸಿದರು. ಮೀಥೇನಿನಲ್ಲಿ ನಾಲ್ಕೂ ಬೆರೆಯುತ್ತವೆ. ಕೈಗಳ ನಡುವೆ 109.5 ಡಿಗ್ರಿ. ಎಥಿಲೀನಿನಲ್ಲಿ ಮೂರು ಬೆರೆತು, ಸುಮಾರು 120 ಡಿಗ್ರಿ. ಬೆರೆಯದೆ ಉಳಿದದ್ದು ಇಂಗಾಲಗಳ ನಡುವೆ ಎರಡನೆಯ ಬಂಧ ಕಟ್ಟುತ್ತದೆ. ಅಸಿಟಿಲೀನಿನಲ್ಲಿ ಎರಡೇ ಬೆರೆತು ನೇರ ಗೆರೆ, 180 ಡಿಗ್ರಿ; ನಡುವೆ ಮೂರು ಬಂಧ.

ಎಥಿಲೀನ್ ಹಣ್ಣು ತಾನೇ ಹೊರಬಿಡುವ ಅನಿಲ, ಮಾಗಿಸುವುದೂ ಅದೇ. ಕಾರ್ಬೈಡಿಗೆ ತೇವ ತಗುಲಿದರೆ ಬರುವುದು ಅಸಿಟಿಲೀನ್. ಅದು ಎಥಿಲೀನಿನಂತೆ ನಟಿಸಿ ಕಾಯಿಯನ್ನು ನಂಬಿಸುತ್ತದೆ. ಜೊತೆಗೆ ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕದ ಅಂಶ ಬೆರೆತಿರಬಹುದು. ಅದಕ್ಕೇ ನಮ್ಮ ದೇಶದಲ್ಲಿ ಹಣ್ಣು ಮಾಗಿಸಲು ಅದನ್ನು ಬಳಸುವಂತಿಲ್ಲ. ಮಿತ ಪ್ರಮಾಣದ ಎಥಿಲೀನ್ ಅನಿಲಕ್ಕೆ ಅನುಮತಿಯಿದೆ.

ಬಲಿತ ಕಾಯಿ ಸಿಕ್ಕರೆ ಅಕ್ಕಿ ಡಬ್ಬದಲ್ಲಿ ಹುಗಿದಿಡಿ. ಅದರದೇ ಎಥಿಲೀನ್ ಅಲ್ಲೇ ನಿಂತು, ನಾಲ್ಕಾರು ದಿನಗಳಲ್ಲಿ ಹಣ್ಣಾಗಿಸುತ್ತದೆ.