ದಿನಕ್ಕೆ ಐದೇ ಎಸ್ಸೆಮ್ಮೆಸ್

2024ರ ಡಿಸೆಂಬರ್ 6ರಂದು ರೊಮೇನಿಯಾದ ಸಾಂವಿಧಾನಿಕ ನ್ಯಾಯಾಲಯ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತನ್ನೇ ರದ್ದು ಮಾಡಿತು. ಟಿಕ್‌ಟಾಕ್‌ನಲ್ಲಿ ಒಬ್ಬ ಅಭ್ಯರ್ಥಿಯನ್ನು ಅಡ್ಡದಾರಿಯಲ್ಲಿ ಮೇಲೆತ್ತಿದ್ದಾರೆ, ಅದರ ಹಿಂದೆ ರಷ್ಯಾದ ಕೈ ಇದೆ ಅನ್ನೋ ಅನುಮಾನ. ಮರುವರ್ಷ ನವೆಂಬರ್‌ನಲ್ಲಿ ಯುರೋಪಿಯನ್ ಕಮಿಷನ್ ‘ಡೆಮಾಕ್ರಸಿ ಶೀಲ್ಡ್’ ಮುಂದಿಟ್ಟಿತು. ಪ್ರಜಾಪ್ರಭುತ್ವಕ್ಕೊಂದು ಗುರಾಣಿ.

ದೂರದ ಕಥೆ ಅನ್ನಿಸಿದ್ರೆ 2012ರ ಆಗಸ್ಟ್ ನೆನಪು ಮಾಡ್ಕೊಳ್ಳಿ.

ಅಸ್ಸಾಮಿನ ಕೊಕ್ರಝಾರ್‌ನಲ್ಲಿ ಗಲಭೆಯಾಗಿತ್ತು. ರಂಜಾನ್ ಮುಗಿದ ಮೇಲೆ ಬೆಂಗಳೂರಿನಲ್ಲಿರೋ ಈಶಾನ್ಯದವರ ಮೇಲೆ ಸೇಡು ತೀರಿಸ್ಕೊಳ್ತಾರೆ ಅಂತ ಎಸ್ಸೆಮ್ಮೆಸ್ ಹರಿದಾಡಿತು. ಆಗಸ್ಟ್ 15, ಸ್ವಾತಂತ್ರ್ಯ ದಿನ ಸ್ವಾಮಿ, ಸಿಟಿ ರೈಲ್ವೆ ಸ್ಟೇಷನ್‌ನಲ್ಲಿ ಸಾವಿರಾರು ಜನ ಗುವಾಹಟಿ ರೈಲಿಗೆ ಮುಗಿಬಿದ್ರು. ಗೃಹ ಸಚಿವರಾಗಿದ್ದ ಆರ್. ಅಶೋಕ್ ಸ್ಟೇಷನ್ನಿಗೇ ಹೋಗಿ ಧೈರ್ಯ ಹೇಳಿದ್ರೂ ಜನ ನಿಲ್ಲಲಿಲ್ಲ.

ಆಗ ನಾನು ದೊಡ್ಡಬಳ್ಳಾಪುರದ ಕಡೆ ಇಂಜಿನಿಯರಿಂಗ್ ಓದ್ತಿದ್ದೆ. ಹಾಸ್ಟೆಲ್ ವಾಚ್‌ಮನ್ ಅಸ್ಸಾಮಿನ ಹುಡುಗ, ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಮೊಬೈಲ್ ಮುಂದೆ ಹಿಡಿದು, ‘ಭಯ್ಯಾ, ಇದು ನಿಜಾನಾ?’ ಅಂದ. ಹಾಲ್‌ನ ಟೀವಿಯಲ್ಲಿ ಅದೇ ಸ್ಟೇಷನ್, ಅದೇ ಗುಂಪು, ಮತ್ತೆ ಮತ್ತೆ. ‘ಟೀವಿಲೂ ಬರ್ತಿದೆಯಲ್ಲ’ ಅಂದುಬಿಟ್ಟೆ. ಟೀವಿಯಲ್ಲಿ ಕಾಣ್ತಿದ್ದದ್ದು ಊರು ಬಿಟ್ಟು ಹೋಗ್ತಿದ್ದ ಜನ ಮಾತ್ರ. ಹೊಡೆದವರನ್ನ ಯಾರೂ ತೋರಿಸಿರಲಿಲ್ಲ. ಅಷ್ಟು ಓದಿಯೂ ಆ ವ್ಯತ್ಯಾಸ ನನಗೆ ಹೊಳೀಲಿಲ್ಲ ನೋಡಿ. ಮಾರನೇ ದಿನ ಗೇಟಿನ ಕುರ್ಚಿ ಖಾಲಿ. ಆ ತಿಂಗಳ ಸಂಬಳಾನೂ ಇಸ್ಕೊಂಡಿರಲಿಲ್ಲ.

ಆಮೇಲೆ ಕೇಂದ್ರ ಸರ್ಕಾರ ಹದಿನೈದು ದಿನ ಬಲ್ಕ್ ಎಸ್ಸೆಮ್ಮೆಸ್ ನಿಲ್ಲಿಸಿತು, ಒಬ್ಬರಿಗೆ ದಿನಕ್ಕೆ ಐದೇ. ಅದೇ ನಮ್ಮ ಗುರಾಣಿ. ಭಯ ಹುಟ್ಟಿಸಿದ ಎಷ್ಟೋ ಚಿತ್ರಗಳು ತಿರುಚಿದವು, ಪಾಕಿಸ್ತಾನದಿಂದ ಅಪ್‌ಲೋಡ್ ಆದವು ಅಂತ ಕೇಂದ್ರ ಗೃಹ ಕಾರ್ಯದರ್ಶಿ ಆರ್.ಕೆ. ಸಿಂಗ್ ಹೇಳಿದ್ರು. ಪಾಕಿಸ್ತಾನ ಅಲ್ಲಗಳೆಯಿತು. ಇರಲಿ. ಆ ಹುಡುಗನ ಮೊಬೈಲಿಗೆ ಮೆಸೇಜ್ ಬಂದಿದ್ದು ಅವನ ಗೆಳೆಯನ ನಂಬರಿನಿಂದ. ಅದಕ್ಕೆ ನಿಜ ಅಂತ ಮೊಹರು ಒತ್ತಿದ್ದು ನಾನು, ಮತ್ತೆ ನಾನೀಗ ಕೂತಿರೋ ಇಂಥದ್ದೇ ಒಂದು ಸ್ಟುಡಿಯೋ.

ಇವತ್ತು ಹೊಸಕೋಟೆ, ನೆಲಮಂಗಲದ ಗೋದಾಮುಗಳಲ್ಲಿ ಅಸ್ಸಾಂ, ಬಿಹಾರ, ಒಡಿಶಾದ ಹುಡುಗರು ದುಡೀತಿದ್ದಾರೆ. ಇವರೆಲ್ಲ ಬಾಂಗ್ಲಾದವರು ಅಂತ ಒಂದು ವಿಡಿಯೋ ಮಧ್ಯಾಹ್ನ ನಮ್ಮ ಡೆಸ್ಕಿಗೂ ಬಂತು. ‘ಎಲ್ಲ ಗ್ರೂಪಲ್ಲೂ ಓಡ್ತಿದೆ ಸಾರ್, ಹಾಕೋಣ್ವಾ?’ ಅಂದ್ರು. ಯಾವ ಊರು, ಯಾವ ದಿನ, ತೆಗೆದವರು ಯಾರು ಅಂತ ಕೇಳಿದೆ. ಒಂದಕ್ಕೂ ಉತ್ತರ ಬಂದಿಲ್ಲ. ರಾತ್ರಿ ಒಂಬತ್ತರ ಬುಲೆಟಿನ್‌ನಲ್ಲಿ ಅದು ಇರಲ್ಲ.