ತೊಗಲಿನ ಮೇಲೆ ಹೂ ಬಿಡಿಸಿದ ಉಳಿಗಳು

(ಶಾಲೆಯ ಹಸ್ತಕೌಶಲ ಪ್ರದರ್ಶನದ ದಿನ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಹಳೆಯ ನಾಣ್ಯಗಳನ್ನೂ ಅಂಚೆಚೀಟಿಗಳನ್ನೂ ಕೂಡಿಸುವವರನ್ನು ತಾವೆಲ್ಲರೂ ಬಲ್ಲಿರಿ. ಹಳೆಯ ಉಳಿಗಳನ್ನು ಕೂಡಿಸುವವರೂ ಇದ್ದಾರೆಂದರೆ ಕೆಲವರಿಗೆ ನಗು ಬಂದೀತು. ತೊಗಲಿನ ಮೇಲೆ ಹೂಬಳ್ಳಿಗಳನ್ನು ಮೂಡಿಸುವ ಬೆರಳುದ್ದದ ಲೋಹದ ಕಡ್ಡಿಗಳನ್ನು ಅಮೆರಿಕ ದೇಶದಲ್ಲಿ ಅನೇಕರು ಹುಡುಕಿ ತಂದು, ಒರೆಸಿ, ಹೆಸರು ಬರೆದು ಕಾಪಾಡುತ್ತಾರೆ. ಆ ಉಪಕರಣಗಳ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿ, ಅದರಿಂದ ನಮಗೆ ಒದಗುವ ಕರ್ತವ್ಯವೊಂದನ್ನು ತಮ್ಮ ಮುಂದೆ ಇಡಬೇಕೆಂಬುದು ಇಂದಿನ ನನ್ನ ಉದ್ದೇಶ.

ತೊಗಲಿನ ಕಸಬು ಅತಿ ಪುರಾತನವಾದುದು. ಈಜಿಪ್ತ ದೇಶದ ಥೀಬ್ಸಿನಲ್ಲಿ ರೆಖ್‌ಮಿರೆ ಎಂಬ ಮಂತ್ರಿಯ ಸಮಾಧಿಯಿದೆ. ಕ್ರಿಸ್ತಪೂರ್ವ ಹದಿನೈದನೆಯ ಶತಮಾನದ ಆ ಸಮಾಧಿಯ ಗೋಡೆಗಳ ಮೇಲೆ ಚರ್ಮಕಾರರು ಕೆಲಸಮಾಡುತ್ತಿರುವ ಚಿತ್ರಗಳಿವೆ. ಅವರಲ್ಲೊಬ್ಬನ ಕೈಯಲ್ಲಿ ಅರ್ಧಚಂದ್ರಾಕಾರದ ಕತ್ತಿಯಿದೆ. ಅದೇ ಆಕಾರದ ಕತ್ತಿಯನ್ನು ಜೀನು ಮಾಡುವವರು ಇಂದಿಗೂ ಹಿಡಿಯುತ್ತಾರೆ. ಮೂರು ಸಾವಿರ ವರ್ಷಗಳಿಗೂ ಮಿಕ್ಕಿದ ಕಾಲದಲ್ಲಿ ರಾಜ್ಯಗಳು ಎದ್ದವು, ಬಿದ್ದವು. ಆ ಕತ್ತಿಯ ಬಾಗು ಮಾತ್ರ ಬದಲಾಗಲಿಲ್ಲ. ಕೈಗೆ ಒಪ್ಪಿದ ಉಪಕರಣಕ್ಕೆ ಇಷ್ಟು ದೀರ್ಘವಾದ ಆಯುಷ್ಯವುಂಟು.

ಮಧ್ಯಯುಗದಲ್ಲಿ ಸ್ಪೇನಿನ ಕಾರ್ಡೋಬಾ ನಗರದ ತೊಗಲು ಯೂರೋಪಿನಲ್ಲೆಲ್ಲ ಹೆಸರಾಗಿತ್ತು. ಇಂಗ್ಲಿಷಿನಲ್ಲಿ ಪಾದರಕ್ಷೆ ಮಾಡುವವನಿಗಿರುವ ‘ಕಾರ್ಡ್‌ವೇನರ್’ ಎಂಬ ಹಳೆಯ ಹೆಸರು ಈ ಊರಿನ ಹೆಸರಿನಿಂದಲೇ ಹುಟ್ಟಿತು. ೧೫೧೯ರಲ್ಲಿ ಸ್ಪೇನಿನವರು ಮೆಕ್ಸಿಕೋ ದೇಶಕ್ಕೆ ಕುದುರೆಗಳೊಡನೆ ಬಂದಿಳಿದರು. ಕುದುರೆಯ ಹಿಂದೆ ಜೀನು ಬಂದಿತು, ಜೀನಿನ ಹಿಂದೆ ಅದನ್ನು ಅಲಂಕರಿಸುವ ಕಲೆಯೂ ಬಂದಿತು. ಮೆಕ್ಸಿಕೋದಿಂದ ಅದು ಟೆಕ್ಸಾಸ್, ಕ್ಯಾಲಿಫೋರ್ನಿಯಾ ಪ್ರಾಂತಗಳಿಗೆ ಹಬ್ಬಿ, ದನಗಾಹಿ ಸವಾರರ ಜೀನುಗಳ ಮೇಲೆ ಎಲೆಯಾಗಿ ಹೂವಾಗಿ ಅರಳಿತು.

ಈ ಕೆತ್ತನೆಯ ಕ್ರಮವನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ಮರದ ತೊಗಟೆ, ಕಾಯಿಗಳಿಂದ ಹದಮಾಡಿದ ತೊಗಲೇ ಇದಕ್ಕೆ ಬೇಕು. ನಮ್ಮ ಕಡೆ ತಂಗಡಿಯ ತೊಗಟೆ, ಅಳಲೆಕಾಯಿಗಳಿಂದ ಹದಗೊಳಿಸುತ್ತಿದ್ದುದು ಇಂತಹುದೇ. ಕ್ರೋಮಿಯಂ ಲವಣದಿಂದ ಹದಮಾಡಿದುದು ಒತ್ತಿದ ಗುರುತನ್ನು ಚೆನ್ನಾಗಿ ಹಿಡಿದಿಡುವುದಿಲ್ಲ. ಮೊದಲು ತೊಗಲನ್ನು ನೀರಿನಿಂದ ತೇವಮಾಡಿ, ಚಿತ್ರದ ಗೆರೆಗಳ ಮೇಲೆ ತಿರುಗುವ ಕತ್ತಿಯಿಂದ ತೊಗಲಿನ ದಪ್ಪದ ಸುಮಾರು ಅರ್ಧದಷ್ಟು ಆಳಕ್ಕೆ ಸೀಳುತ್ತಾರೆ. ಈ ಕತ್ತಿಯ ತುದಿಯಲ್ಲಿ ತೋರುಬೆರಳನ್ನು ಊರುವ ಸಣ್ಣ ಪೀಠವಿರುವುದರಿಂದ, ಹಿಡಿಯು ಬೆರಳುಗಳ ನಡುವೆ ಸರಾಗವಾಗಿ ತಿರುಗಿ ಬಳ್ಳಿಯ ಸುರುಳಿಯನ್ನು ಅನುಸರಿಸುತ್ತದೆ. ಆಮೇಲೆ ಗೆರೆಯ ಒಂದು ಬದಿಯನ್ನು ಒಂದು ಅಚ್ಚಿನಿಂದ ತಗ್ಗಿಸಿದರೆ ಇನ್ನೊಂದು ಬದಿ ಎದ್ದು ಕಾಣುತ್ತದೆ. ದಳದ ಗುಳಿಗೆ ಒಂದು ಅಚ್ಚು, ಎಲೆಯ ನರಕ್ಕೆ ಮತ್ತೊಂದು, ಹೂವಿನ ನಡುವಣ ಬೀಜಕ್ಕೆ ಇನ್ನೊಂದು, ಹಿನ್ನೆಲೆಯನ್ನು ತಗ್ಗಿಸಲು ಬೇರೊಂದು. ಹೊಡೆಯುವುದು ಮರದ ಅಥವಾ ಹಸಿಚರ್ಮದ ಕೊಡತಿಯಿಂದ. ಕಬ್ಬಿಣದ ಸುತ್ತಿಗೆ ಬಿದ್ದರೆ ಅಚ್ಚಿನ ತಲೆ ಕೆಡುತ್ತದೆ. ಇಷ್ಟರಲ್ಲಿ ಎಲ್ಲಿಯೂ ತೊಗಲನ್ನು ಕಿತ್ತು ತೆಗೆಯುವುದಿಲ್ಲ. ಕೆತ್ತನೆಯೆಂದು ಹೆಸರಾದರೂ ಇದು ಒತ್ತಿ ಮೂಡಿಸುವ ವಿದ್ಯೆ.

ಹಿಂದಿನ ಜೀನುಗಾರರು ಅನೇಕ ಅಚ್ಚುಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ದೊಡ್ಡ ಮೊಳೆಯೊಂದರ ತುದಿಯನ್ನು ಅರದಿಂದ ಉಜ್ಜಿ ಬೇಕಾದ ಆಕಾರಕ್ಕೆ ತರುತ್ತಿದ್ದರು. ಜೊತೆಜೊತೆಗೆ ಉಪಕರಣ ತಯಾರಿಸುವ ಕಾರ್ಖಾನೆಗಳೂ ಹುಟ್ಟಿದವು. ನ್ಯೂಜೆರ್ಸಿ ಪ್ರಾಂತದ ಸಿ. ಎಸ್. ಆಸ್ಬೋರ್ನ್ ಸಂಸ್ಥೆಯು ೧೮೨೬ರಲ್ಲಿ ಆರಂಭವಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಕಲೆಗೆ ಹೊಸ ತಿರುವು ಒದಗಿತು. ಗಾಯಗೊಂಡ ಸೈನಿಕರ ಕೈಗಳಿಗೆ ವ್ಯಾಯಾಮವೂ ಮನಸ್ಸಿಗೆ ನೆಮ್ಮದಿಯೂ ದೊರೆಯಲೆಂದು ಸೈನಿಕ ಆಸ್ಪತ್ರೆಗಳಲ್ಲಿ ತೊಗಲಿನ ಕೆಲಸವನ್ನು ಕಲಿಸಿದರು. ಜೀನುಗಾರನ ಮಳಿಗೆಯಲ್ಲಿದ್ದ ವಿದ್ಯೆ ಸಾಮಾನ್ಯರ ಮನೆಗೆ ಬಂದಿತು. ಆ ಯುದ್ಧದಲ್ಲಿ ಸೈನಿಕರಾಗಿದ್ದ ಆಲ್ ಸ್ಟೋಲ್‌ಮನ್ (೧೯೧೯–೧೯೯೮) ಎಂಬವರು, ತೊಗಲಿನ ಮೇಲೆ ಪ್ರಾಣಿಗಳನ್ನೂ ಮನುಷ್ಯರನ್ನೂ ಭೂದೃಶ್ಯಗಳನ್ನೂ ಮೂಡಿಸುವ ಪದ್ಧತಿಯನ್ನು ಬೆಳೆಸಿ, ೧೯೫೨ರಿಂದ ಮೊದಲಾಗಿ ಪಾಠಪುಸ್ತಕಗಳನ್ನು ರಚಿಸಿದರು; ಮುಂದೆ ಪತ್ನಿ ಆನ್ ಅವರೂ ಸಹಕರಿಸಿದರು. ಕುಲವಿದ್ಯೆಯೆಂದು ಗುಟ್ಟಾಗಿ ಇಟ್ಟುಕೊಳ್ಳಬಹುದಾಗಿದ್ದುದನ್ನು ಅವರು ಎಲ್ಲರಿಗೂ ಬಿಡಿಸಿ ಹೇಳಿದರು. ವಯೋಮಿಂಗ್ ಪ್ರಾಂತದ ಶೆರಿಡನ್ ಊರಿನ ಡಾನ್ ಕಿಂಗ್ (೧೯೨೩–೨೦೦೭) ಅವರು ಸಣ್ಣ ಹೂಗಳ ಸುತ್ತ ಬಳ್ಳಿಯು ವರ್ತುಲ ವರ್ತುಲವಾಗಿ ಸುತ್ತುವ ಶೈಲಿಯನ್ನು ರೂಪಿಸಿದರು. ಅದಕ್ಕೆ ಆ ಊರಿನ ಹೆಸರೇ ನಿಂತಿದೆ.

ಈ ಕಾಲದಲ್ಲಿ ‘ಕ್ರಾಫ್ಟೂಲ್’ ಎಂಬ ಗುರುತಿನ ಅಚ್ಚುಗಳು ಬಹಳವಾಗಿ ಬಳಕೆಗೆ ಬಂದವು. ಅವುಗಳಲ್ಲಿ ಹಳೆಯವುಗಳ ಮೇಲೆ ಬರಿಯ ಅಂಕೆಯಿರುತ್ತದೆ. ತರುವಾಯದವುಗಳಲ್ಲಿ ಅಂಕೆಯ ಮುಂದೆ ಜಾತಿಯನ್ನು ಸೂಚಿಸುವ ಅಕ್ಷರವೊಂದು ಸೇರಿದೆ. ಸಂಗ್ರಾಹಕರು ಈ ಗುರುತನ್ನು ನೋಡಿ ಉಪಕರಣದ ವಯಸ್ಸನ್ನು ಅಂದಾಜುಮಾಡುತ್ತಾರೆ. ಅಕ್ಷರವಿಲ್ಲದ ಹಳೆಯ ಅಚ್ಚುಗಳನ್ನು ವಿಶೇಷ ಆದರದಿಂದ ಕೊಳ್ಳುತ್ತಾರೆ.

ಕೂಡಿಸುವುದರಲ್ಲಿಯೂ ಒಂದು ಶಿಸ್ತುಂಟು. ತುಕ್ಕು ಹಿಡಿದ ಅಚ್ಚಿನ ಮುಖವನ್ನು ಮರಳುಕಾಗದದಿಂದ ಉಜ್ಜಬಾರದು; ಉಜ್ಜಿದರೆ ತುಕ್ಕಿನೊಡನೆ ಸೂಕ್ಷ್ಮವಾದ ಗೆರೆಯೂ ಹೋಗುತ್ತದೆ. ಮೃದುವಾದ ಬಟ್ಟೆಯಿಂದ ತೆಳ್ಳಗೆ ಎಣ್ಣೆ ಸವರಿ ಒಣಗಿದ ಸ್ಥಳದಲ್ಲಿಡಬೇಕು. ತೊಗಟೆಯಿಂದ ಹದಮಾಡಿದ ತೊಗಲಿನ ಚೀಲದಲ್ಲಿ ಬಹುಕಾಲ ಇಡಬಾರದು, ಅದರೊಳಗಿನ ಒಗರು ಕಬ್ಬಿಣವನ್ನು ತಿನ್ನುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಯಾರ ಕೈಯಲ್ಲಿತ್ತು, ಯಾವ ಕೆಲಸಕ್ಕೆ ಒದಗಿತ್ತು ಎಂಬುದನ್ನು ಬರೆದಿಡಬೇಕು. ಈ ಬರಹವಿಲ್ಲದ ಸಂಗ್ರಹವು ಬರಿಯ ಲೋಹದ ರಾಶಿ. ಇಂಗ್ಲೆಂಡಿನಲ್ಲಿ ೧೯೪೬ರಲ್ಲಿ ಚರ್ಮಕಲೆಗಾಗಿಯೇ ಒಂದು ವಸ್ತುಸಂಗ್ರಹಾಲಯ ಸ್ಥಾಪನೆಯಾಯಿತು. ಅದೇ ದೇಶದ ಸಾಲಮನ್ ಎಂಬ ವಿದ್ವಾಂಸರು ತೊಗಲಿನ ಕಸಬಿನ ಉಪಕರಣಗಳಿಗೆಂದೇ ಒಂದು ನಿಘಂಟನ್ನು ರಚಿಸಿದ್ದಾರೆ.

ಮಹನೀಯರೆ, ಇನ್ನು ನಮ್ಮ ಸೀಮೆಯ ಕಡೆಗೆ ತಿರುಗೋಣ. ಧರ್ಮಾವರದ ಸಮೀಪದ ನಿಮ್ಮಲಕುಂಟ ಗ್ರಾಮದಲ್ಲಿ ತೊಗಲುಗೊಂಬೆಗಳನ್ನು ಮಾಡುವ ಮನೆತನಗಳಿವೆ. ಆ ಊರಿನ ದಳವಾಯಿ ಚಲಪತಿರಾವ್ ಅವರಿಗೆ ೨೦೨೦ರಲ್ಲಿ ಪದ್ಮಶ್ರೀ ಗೌರವ ಸಂದಿತು. ಗಡಿಯ ಆಚೆ ಕೊಪ್ಪಳ ಜಿಲ್ಲೆಯ ಹಿರಿಯ ಗೊಂಬೆಯಾಟಗಾರ್ತಿ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಅದೇ ಗೌರವ ದೊರೆಯಿತು. ಅಮೆರಿಕದ ಜೀನುಗಾರನು ತೊಗಲನ್ನು ತೂತುಮಾಡದೆ ಒತ್ತಿದರೆ, ನಮ್ಮ ಗೊಂಬೆಗಾರನು ಪಾರದರ್ಶಕವಾಗಿ ಹದಮಾಡಿದ ತೊಗಲಿನಲ್ಲಿ ಉಳಿಯಿಂದ ಸಾಲುಸಾಲಾಗಿ ರಂಧ್ರಗಳನ್ನು ಕೊರೆದು, ದೀಪದ ಬೆಳಕು ಸೀತೆಯ ಒಡವೆಗಳಲ್ಲಿ ಹೊಳೆಯುವಂತೆ ಮಾಡುತ್ತಾನೆ. ಗೊಂಬೆಗಳನ್ನು ಇಂದು ವಸ್ತುಸಂಗ್ರಹಾಲಯಗಳಲ್ಲಿ ನೋಡಬಹುದು. ಅವುಗಳನ್ನು ಕೊರೆದ ಉಳಿಗಳನ್ನು ಕೇಳುವವರು ವಿರಳ.

ಮಾದಾರ ಚೆನ್ನಯ್ಯನವರು ತಮ್ಮ ವಚನಗಳ ಅಂಕಿತದಲ್ಲಿಯೇ ಕೈಯುಳಿ, ಕತ್ತಿ, ಅಡಿಗೂಂಟಗಳಿಗೆ ಸ್ಥಾನ ಕೊಟ್ಟರು. ಆ ಕಸಬಿನ ಮಾತುಗಳನ್ನು ಅವರು ದೇವರ ಹೆಸರಿನ ಪಕ್ಕದಲ್ಲಿಟ್ಟರು. ನಾವಾದರೋ ಅವುಗಳನ್ನು ಹಿಡಿದ ಕೈಗಳನ್ನು ಊರ ಹೊರಗಿಟ್ಟೆವು. ಮುಟ್ಟಲಾರೆವೆಂದು ದೂರ ಸರಿದವರಿಗೆ ಆ ಉಪಕರಣಗಳ ಹೆಸರು ತಿಳಿಯುವುದಾದರೂ ಹೇಗೆ? ನಮ್ಮ ಮಕ್ಕಳಲ್ಲಿ ಇಂತಹ ಮನೆಗಳಿಂದ ಬಂದವರೂ ಇದ್ದಾರೆ. ತಾತನ ರಂಪಿಗೆಯ ಹೆಸರನ್ನು ತರಗತಿಯಲ್ಲಿ ಹೇಳಲು ಅವರು ತಲೆತಗ್ಗಿಸುವಂತಾದರೆ ದೋಷವು ತರಗತಿಯದೇ ಹೊರತು ರಂಪಿಗೆಯದಲ್ಲ.

ಗಡಿನಾಡಿನಲ್ಲಿ ಪಾಠದ ಕನ್ನಡವನ್ನು ಶಾಲೆ ಉಳಿಸೀತು. ಕಸಬಿನ ಕನ್ನಡವು ಕಸಬುದಾರನೊಡನೆಯೇ ಹೋಗುತ್ತದೆ. ಮಗ ಬೇರೆ ಉದ್ಯೋಗಕ್ಕೆ ಹೋದ ಮೇಲೆ ಅಪ್ಪನ ಉಳಿಗಳು ಹಳೆಯ ಕಬ್ಬಿಣದ ವ್ಯಾಪಾರಿಯ ತಕ್ಕಡಿಗೆ ಬೀಳುತ್ತವೆ. ಹೀಗಾಗದಿರಲೆಂದು ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಒಪ್ಪಿಸುತ್ತೇನೆ. ಪ್ರತಿಯೊಬ್ಬರೂ ತಮ್ಮ ಮನೆಯ ಅಥವಾ ಊರಿನ ಹಿರಿಯ ಕಸಬುದಾರರೊಬ್ಬರನ್ನು ವಿನಯದಿಂದ ಕಂಡು, ಅವರ ಅಪ್ಪಣೆ ಪಡೆದು, ಉಪಕರಣಗಳ ಚಿತ್ರ ಬರೆದು, ಅವರು ಕರೆಯುವ ಹೆಸರನ್ನೂ ಅದರ ಉಪಯೋಗವನ್ನೂ ಅವರ ಮಾತಿನಲ್ಲೇ ಬರೆದುತರಬೇಕು. ಕನ್ನಡ, ತೆಲುಗು, ಮರಾಠಿ ಯಾವ ನುಡಿಯ ಹೆಸರಾದರೂ ಸರಿಯೆ, ತಿದ್ದಬೇಡಿರಿ. ದುಡಿಯುತ್ತಿರುವ ಕೈಯಿಂದ ಉಳಿಯನ್ನು ಮಾತ್ರ ಕೇಳಬೇಡಿರಿ. ಅದು ಅವರ ಅನ್ನ. ಕೆಲಸ ಬಿಟ್ಟವರು ಮನಃಪೂರ್ವಕವಾಗಿ ಕೊಟ್ಟರೆ, ಅವರ ಹೆಸರು ಬರೆದು ಶಾಲೆಯ ಕಪಾಟಿನಲ್ಲಿ ಇಡೋಣ.

ತಾಯಿತಂದೆಗಳಲ್ಲಿ ನನ್ನ ಅರಿಕೆ ಇಷ್ಟೆ: ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ಮಾರುವ ಮೊದಲು ಮಕ್ಕಳನ್ನು ಕೂರಿಸಿಕೊಂಡು ಒಮ್ಮೆ ತೆರೆಯಿರಿ. ಒಳಗಿರುವುದರ ಹೆಸರು ತಮಗೆ ಗೊತ್ತಿದೆ, ಅವರಿಗೆ ಗೊತ್ತಿಲ್ಲ.